ಜೊತಿಗೆ ಯಾರು ಬಂದಾರ

ನನ್ನ ಎಡಗಿವಿ ಜಿನ್ನಿನಲ್ಲಿ ಹೋಯಿತು. ರಾಯಚೂರಿನ ಹತ್ತಿ ಜಿನ್ನಿನಲ್ಲಿ ಯಂತ್ರದ ಬಾಯಿಗೆ ಹತ್ತಿ ತುಂಬುವ ಕೆಲಸ ನನ್ನದು. ಮದುವೆಯಾಗಿ ಹೋದವಳು ಮಗ ಬೆಳೆದು ನಿಲ್ಲುವವರೆಗೂ ಅದನ್ನೇ ಮಾಡಿದೆ. ಮೊದಲು ಕಿವಿಯಲ್ಲಿ ಜೀರುಂಡೆ ಕೂಗಿದಂತಾಯಿತು. ಆಮೇಲೆ ಜೀರುಂಡೆಯೂ ಸತ್ತಿತು. ಬಲಗಿವಿ ಚೆನ್ನಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಒಂದು ಕಡೆ ನಾನು ಪೂರಾ ಕಿವುಡಿಯಾಗಿ ಕೂರುತ್ತೇನೆ. ಅದು ಅರ್ಧ ಸುಳ್ಳು, ಅರ್ಧ ಖರೆ.

ಅಕ್ಷರ ಕಲಿತದ್ದು ತಲೆ ನರೆತ ಮೇಲೆ, ನಮ್ಮ ಓಣಿಯ ರಾತ್ರಿ ಶಾಲೆಯಲ್ಲಿ. ಪಕ್ಕದವಳನ್ನು ಕೇಳಿ ಹೇಳಿದರೆ ಮಾಸ್ತರು ಒಪ್ಪುತ್ತಿರಲಿಲ್ಲ. "ತಡ ಆಗ್ಲಿ ಹಣಮಮ್ಮ, ನೀನಽ ಓದು" ಅನ್ನುತ್ತಿದ್ದರು. ಓದಿದ್ದು ಎಷ್ಟೋ ಮರೆತಿದೆ. ಆ ಮಾತು ಮರೆತಿಲ್ಲ.

ಸುಜಾತಾ ನನ್ನ ಸೊಸೆ. ಅದಕ್ಕೂ ಮೊದಲು ನನ್ನ ತಮ್ಮನ ಮಗಳು. ತಮ್ಮ ಪಕೀರಪ್ಪ ದೇವದುರ್ಗದಲ್ಲಿ ಒಂದು ಆಫೀಸಿನ ಜವಾನ. ಅವನ ಮಗಳನ್ನು ನನ್ನ ಮಗ ಅಮರೇಶನಿಗೆ ತಂದುಕೊಂಡೆ. ಅಮರೇಶ ಮಾನ್ವಿ ರಸ್ತೆಯಲ್ಲಿ ಟಂಟಂ ಆಟೊ ಓಡಿಸುತ್ತಾನೆ. ಈಗ ನಮ್ಮ ಮನೆ ಬಾಗಲವಾಡದಲ್ಲಿ. ಮನೆಯಲ್ಲಿ ಬಾಬಾಸಾಹೇಬರ ಫೋಟೊ ಒಂದು, ಎಮ್ಮೆ ಒಂದು, ಮೊಮ್ಮಗಳು ಗೌತಮಿ ಒಬ್ಬಳು.

ಗೌತಮಿ ಹುಟ್ಟಿದ ಮೇಲೆ ಸುಜಾತಾಳ ನಿದ್ದೆ ಹಾರಿಹೋಯಿತು. ಗೋಡೆಯ ಜೊತೆ ಮಾತಾಡಿದಳು. ಆಮೇಲೆ ನಕ್ಕಳು. ಆಮೇಲೆ ಹಸಿ ಮೈಯಲ್ಲೇ ಕಾಲುವೆ ದಂಡೆ ಹಿಡಿದು ನಡೆದಳು. ಊರು ಗಾಳಿ ಅಂದಿತು, ದೆವ್ವ ಅಂದಿತು, ಬೇವಿನ ಸೊಪ್ಪು ಹಿಡಿದು ಹೊಡೆಯಿತು. ನಾನು ರಾಯಚೂರಿನ ದೊಡ್ಡ ದವಾಖಾನೆಗೆ ಒಯ್ದೆ. ಗುಳಿಗೆ ಕೊಟ್ಟರು. ಗುಳಿಗೆ ನುಂಗಿ ಮನುಷ್ಯಳಾದಳು ಅಂತ ಊರು ಹೇಳಿತು. ಅವಳು ಯಾವತ್ತೂ ಮನುಷ್ಯಳೇ. ನಿದ್ದೆ ಬಂತು, ಅಷ್ಟೆ.

ಗುಳಿಗೆಯಿಂದ ಅವಳ ಮೈ ಊದಿತು. ಕೈ ನಡುಗುತ್ತದೆ. ಆ ನಡುಗುವ ಕೈಯಿಂದಲೇ ಹತ್ತಿ ಬಿಡಿಸುತ್ತಾಳೆ, ಭತ್ತದ ಸಸಿ ಹಚ್ಚುತ್ತಾಳೆ, ಎಮ್ಮೆ ಹಿಂಡುತ್ತಾಳೆ. ಹತ್ತಿಕಾಯಿಯ ಮುಳ್ಳು ಬೆರಳಿಗೆ ಚುಚ್ಚಿ ರಕ್ತ ಬಂದರೆ ಸೀರೆಗೆ ಒರೆಸಿಕೊಂಡು ಮುಂದಿನ ಸಾಲಿಗೆ ಹೋಗುತ್ತಾಳೆ. ಬದಲಾದದ್ದು ಹೆಸರು ಮಾತ್ರ. ಸುಜಾತಾ ಹೋಗಿ ಹುಚ್ಚಿ ಆಯಿತು. ಹೊಲದಲ್ಲಿ ಯಾರಾದರೂ ಹಾಗೆ ಕರೆದರೆ ಅವಳು ತಿರುಗಿ ಬೈಯುವುದಿಲ್ಲ. ಯಾಕೆ ಸುಮ್ಮನಿರುತ್ತೀಯ ಅಂತ ಒಮ್ಮೆ ಕೇಳಿದೆ.

"ನೀ ಬೈದ್ರ ಜಗಳಾ ಅಂತಾರ ಅತ್ತಿ. ನಾ ಬೈದ್ರ ಬ್ಯಾನಿ ಮರಳಿ ಬಂತು ಅಂತಾರ. ಅದಕ್ಕ ಗುಳಗಿ ಜೋಡಿ ಸಿಟ್ಟನ್ನೂ ನುಂಗ್ತೀನಿ."

ರಾಯಚೂರಿನ ದವಾಖಾನೆಯಲ್ಲಿ ಚೀಟಿ ಮಾಡಿಸುವ ಕಿಟಕಿಯಿಂದ ಡಾಕ್ಟರ ಮೇಜಿನವರೆಗೆ ಒಂದೇ ಪ್ರಶ್ನೆ. ಜೊತಿಗೆ ಯಾರು ಬಂದಾರ? ಜೊತೆಗೆ ಹೋಗುತ್ತಿದ್ದವನು ಅಮರೇಶ. ಡಾಕ್ಟರು ಎಲ್ಲವನ್ನೂ ಅವನನ್ನೇ ಕೇಳುತ್ತಿದ್ದರು. ನಿದ್ದಿ ಮಾಡ್ತಾಳೇನು? ಊಟ ಮಾಡ್ತಾಳೇನು? ತಿಂಗಳ ತಿಂಗಳ ಮುಟ್ಟಾಗ್ತಾಳೇನು? ಮುಟ್ಟಾಗುವವಳು ಎದುರಿಗೇ ಕೂತಿರುತ್ತಿದ್ದಳು. ಅಮರೇಶ ತಲೆ ಕೆರೆದುಕೊಂಡು ಅವಳ ಮುಖ ನೋಡುತ್ತಿದ್ದ. ಅವಳು ಮೆಲ್ಲಗೆ ಅವನಿಗೆ ಹೇಳುತ್ತಿದ್ದಳು. ಅವನು ಡಾಕ್ಟರಿಗೆ ಹೇಳುತ್ತಿದ್ದ. ಒಂದು ಮೊಳ ದೂರದ ಮಾತು ಗಂಡಸಿನ ಬಾಯಿ ಸುತ್ತಿಕೊಂಡು ಹೋಗಬೇಕು.

ಹಾಗೆ ಒಂದು ದಿನ ಡಾಕ್ಟರು ಅಮರೇಶನಿಗೆ ಒಂದು ಮುಖ್ಯವಾದ ಮಾತು ಹೇಳಿದರು. ಅವತ್ತು ಸುಜಾತಾ ಹೊರಗೆ ಗುಳಿಗೆಯ ಸಾಲಿನಲ್ಲಿ ನಿಂತಿದ್ದಳು. ಈ ಗುಳಿಗೆ ನುಂಗುವಾಗ ಬಸಿರಾಗಬಾರದು, ಹೊಟ್ಟೆಯ ಕೂಸಿಗೆ ತೊಂದರೆ. ಕೂಸು ಬೇಕು ಅಂದರೆ ಮೊದಲೇ ಬಂದು ಹೇಳಿ, ಗುಳಿಗೆ ಬದಲಿಸಿ ಕೊಡುತ್ತೇವೆ. ನಿಮ್ಮಷ್ಟಕ್ಕೆ ನೀವು ಮಾತ್ರ ಗುಳಿಗೆ ನಿಲ್ಲಿಸಬೇಡಿ. ಅಮರೇಶ ಹೂಂ ಅಂದು ಬಂದ. ಹೆಂಡತಿಗೆ ಹೇಳಲಿಲ್ಲ. ನನಗೂ ಹೇಳಲಿಲ್ಲ. ಊರಿಗೆ ಬಂದು ಟಂಟಂಗೆ ಸೀಟು ತುಂಬಿಸುವಷ್ಟರಲ್ಲಿ ಮರೆತುಬಿಟ್ಟ.

ಸುಜಾತಾ ತಾನೇ ಯೋಚನೆ ಮಾಡಿದಳು. ಗೌತಮಿ ಸಣ್ಣವಳು, ತನ್ನ ಮೈ ಇನ್ನೂ ಸುಧಾರಿಸಿಲ್ಲ, ಈಗ ಇನ್ನೊಂದು ಬೇಡ. ಮೂರು ತಿಂಗಳಿಗೊಮ್ಮೆ ಚುಚ್ಚುವ ಸೂಜಿ ಇದೆ ಅಂತ ಹತ್ತಿ ಸಾಲಿನ ಹೆಂಗಸರಿಂದ ಕೇಳಿಕೊಂಡು ಬಂದಳು. ಇಬ್ಬರೂ ಮಾನ್ವಿಯ ಒಂದು ದವಾಖಾನೆಗೆ ಹೋದೆವು. ಮೇಜಿನ ಹಿಂದೆ ಕೂತ ಸಿಸ್ಟರು ನಗುನಗುತ್ತಲೇ ಮಾತಾಡಿಸಿದಳು. ಬೇರೆ ಏನಾದರೂ ಗುಳಿಗೆ ತಗೊಳ್ಳುತ್ತೀಯಾ ಅಂತ ಕೇಳಿದಳು. ಸುಜಾತಾ ಹೇಳಿದಳು. ಸಿಸ್ಟರ ನಗು ನಿಂತಿತು.

"ತಲಿ ಗುಳಗಿ ಏನು? ಜೊತಿಗೆ ಯಾರು ಬಂದಾರ?"

"ನಾ ಬಂದೀನಲ್ರೀ" ಅಂದೆ.

"ನೀನಲ್ಲ ಯವ್ವಾ. ಗಂಡ ಎಲ್ಲಿ?"

"ಸೂಜಿ ಆಕಿಗಿ ಚುಚ್ಚೋದು. ಗಂಡಗಲ್ಲ."

"ಹಂಗ ಬರಂಗಿಲ್ಲ. ಇವತ್ತ ಬೇಕಂತಾಳ, ನಾಳಿ ನಾ ಕೇಳೇ ಇಲ್ಲ ಅಂತಾಳ. ಗಂಡ ಬಂದು ನಮ್ಮ ಮ್ಯಾಲ ಜಗಳಾ ತಗೀತಾನ. ತಲಿ ನೆಟ್ಟಗಿಲ್ಲದಾಕಿ ಮಾತು ಹೆಂಗ ನಂಬೋದು?"

ಸುಜಾತಾ ನೆಲ ನೋಡುತ್ತ ನಿಂತಳು. ಹಿಂದಿನ ಸಾಲಿನಲ್ಲಿದ್ದವರು ಅವಳನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಒಬ್ಬಳು ತನ್ನ ಕೂಸನ್ನು ಆಚೆ ಮಗ್ಗುಲಿಗೆ ಹೊರಳಿಸಿಕೊಂಡಳು. ಅದನ್ನು ಸುಜಾತಾ ನೋಡಿದ್ದನ್ನು ನಾನು ನೋಡಿದೆ.

ಅಮರೇಶನಿಗೆ ಹೇಳಿದೆ. ಒಮ್ಮೆ ಅಲ್ಲ, ಹತ್ತು ಸಲ. "ಹೆಣ್ಮಕ್ಕಳ ದವಾಖಾನಿಗಿ ನಾ ಬಂದು ಏನ್ ಹೇಳ್ಲಿ ಬೇ? ಮಂದಿ ನಗ್ತಾರ" ಅಂದ. ಅವನು ಹೋಗಲಿಲ್ಲ. ಸೂಜಿ ಸಿಗಲಿಲ್ಲ. ಸುಜಾತಾ ಬಸಿರಾದಳು.

ಆಗ ಅವನಿಗೆ ಡಾಕ್ಟರ ಮಾತು ನೆನಪಾಯಿತು. ಅದೂ ಅರ್ಧ ಮಾತು. ಅವಳ ಗುಳಿಗೆ ಎಲ್ಲ ತೆಗೆದು ತಿಪ್ಪೆಗೆ ಎಸೆದ. ನಾನು ಹೊಲದಿಂದ ಬರುವಷ್ಟರಲ್ಲಿ ಕೋಳಿ ಅದನ್ನು ಕೆದರುತ್ತಿತ್ತು. ಯಾಕೆ ಅಂತ ಕೇಳಿದರೆ ಡಾಕ್ಟರು ಹೇಳ್ಯಾರ ಅಂದ. ಕೆಲವೇ ದಿನಗಳಲ್ಲಿ ಅವಳ ನಿದ್ದೆ ಮತ್ತೆ ಹೋಯಿತು. ಅವಳು ನಡೆದಳು. ನಾನು ಹಿಂದೆ ನಡೆದೆ. ಬಿಸಿಲಿನಲ್ಲಿ, ಕೆಸರಿನಲ್ಲಿ, ಕಾಲುವೆ ದಂಡೆಯಲ್ಲಿ. ಪಕ್ಕದ ಮನೆಯವರು ಕಟ್ಟಿಹಾಕಲು ಎಮ್ಮೆಯ ಹಗ್ಗ ತಂದರು. ಆ ಹಗ್ಗವನ್ನು ನಾನು ಕಾಲುವೆಗೆ ಎಸೆದೆ. ಐದನೇ ತಿಂಗಳಿಗೆ ಬಸಿರು ಹೋಯಿತು. ಎಲ್ಲಿ ಹೋಯಿತು, ಹೇಗೆ ಹೋಯಿತು ಅಂತ ಬರೆಯುವುದಿಲ್ಲ. ನನ್ನ ಈ ಕೈಗಳಿಗೆ ಗೊತ್ತು.

ಮತ್ತೆ ರಾಯಚೂರು. ಮತ್ತೆ ಗುಳಿಗೆ. ಅವಳು ಸುಧಾರಿಸಿಕೊಂಡ ಮೇಲೆ ಡಾಕ್ಟರು ಅಮರೇಶನನ್ನು ಅವಳ ಎದುರಿಗೇ ಬೈದರು. "ಬಸರಾಗಬಾರದು ಅಂತ ನಿನಗ ಸಾಫ್ ಹೇಳಿದ್ದೆ. ಗುಳಗಿ ಬಿಡಬ್ಯಾಡ ಅಂತನೂ ಹೇಳಿದ್ದೆ."

ಸುಜಾತಾ ಅವತ್ತು ಮೊದಲ ಸಲ ಡಾಕ್ಟರ ಮುಖ ನೋಡಿ ಮಾತಾಡಿದಳು. "ನನಗ್ಯಾಕ ಹೇಳಲಿಲ್ರಿ?"

"ಜೊತಿಗೆ ಬಂದವರಿಗೆ ಹೇಳೀನಲ್ಲಮ್ಮ" ಅಂದರು ಡಾಕ್ಟರು. ಮುಂದಿನವರನ್ನು ಕರೆದರು.

ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕೂತಳು. ಕಲ್ಲೂರು ದಾಟಿದ ಮೇಲೆ ಅಂದಳು. "ಹೊಟ್ಟಿ ನಂದಿತ್ತು ಅತ್ತಿ." ಅಷ್ಟೇ ಅಂದಳು.

ಅದಾದ ಮೇಲೆ ಅಮರೇಶನೂ ಪಕೀರಪ್ಪನೂ ಫೋನಿನಲ್ಲಿ ಮಾತಾಡುವುದು ಹೆಚ್ಚಾಯಿತು. ನಾನು ಒಳಗೆ ಬಂದರೆ ಅಮರೇಶ ಅಂಗಳಕ್ಕೆ ಹೋಗುತ್ತಿದ್ದ. ಎಡಗಡೆ ನಿಂತು ಮಾತಾಡುತ್ತಿದ್ದ. ತಾಯಿಯ ಸತ್ತ ಕಿವಿ ಯಾವುದು ಅಂತ ಮಗನಿಗೆ ಗೊತ್ತಿರುತ್ತದೆ.

ಶ್ರಾವಣ ಬಂತು. ಪಂಚಮಿಗೆ ತವರಿನವರು ಹೆಣ್ಣುಮಕ್ಕಳನ್ನು ಕರೆಯುತ್ತಾರೆ. ಮುದುಕಿಯಾದರೂ ಕರೆಯುತ್ತಾರೆ. ಪಕೀರಪ್ಪ ಒಂದು ವರ್ಷವೂ ನನ್ನನ್ನು ಬಿಟ್ಟವನಲ್ಲ. ಈ ಸಲ ಮಗಳನ್ನೂ ಮೊಮ್ಮಗಳನ್ನೂ ಕರೆದುಕೊಂಡು ಹೋದ. ನನ್ನನ್ನು ಬಾ ಅನ್ನಲಿಲ್ಲ. ಮರೆತಿದ್ದಾನೆ ಅಂದುಕೊಂಡೆ. ಶೇಂಗಾ ಹುರಿದು, ಬೆಲ್ಲ ಕುಟ್ಟಿ, ಉಂಡಿ ಕಟ್ಟಿಕೊಂಡು ಪಂಚಮಿಯ ದಿನ ನಾನೇ ಹೋದೆ.

"ಅಕ್ಕಾ, ನೀ ಹೆಂಗ ಬಂದಿ?" ಅಂದ ತಮ್ಮ. ಅವನ ಮುಖದ ಬಣ್ಣ ಇಳಿದಿತ್ತು.

"ಬಸ್ಸಿನ್ಯಾಗ ಬಂದೆ. ಯಾಕ, ಹಾರಿ ಬರಬೇಕಿತ್ತೇನು?"

ಅವನ ಹೆಂಡತಿ ದುರುಗಮ್ಮ ನಗಲಿಲ್ಲ. ಒಲೆಯ ಕಡೆ ತಿರುಗಿಕೊಂಡಳು. ಅವಳ ಕಣ್ಣು ಕೆಂಪಾಗಿದ್ದವು. ಒಲೆಯಲ್ಲಿ ಹೊಗೆ ಇರಲಿಲ್ಲ.

ಸುಜಾತಾ ಮಾತ್ರ ಹೊಸ ಸೀರೆ ಉಟ್ಟು ಬೇವಿನ ಗಿಡದ ಜೋಕಾಲಿಯಲ್ಲಿ ಕೂತಿದ್ದಳು. ಗೌತಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಜೀಕಿದಳು. ನಕ್ಕಳು. ಆ ನಗು ನೋಡಿ ಎಷ್ಟು ದಿನ ಆಗಿತ್ತೋ. "ಅಪ್ಪ ಸೀರಿ ತಂದಾನ ಅತ್ತಿ. ಕರಿಯಾಕ ತಾನ ಬಂದಿದ್ದ. ನನ್ನ ಮ್ಯಾಲ ಸಿಟ್ಟಿಲ್ಲ ಅವಗ" ಅಂದಳು. ಸಂಜೆ ಅಮರೇಶ ಟಂಟಂ ತಗೊಂಡು ಬಂದ. ಮಾವ ಅಳಿಯ ಇಬ್ಬರೂ ಕಟ್ಟೆಯ ಮೇಲೆ ಕೂತು ಮೆಲ್ಲಗೆ ಮಾತಾಡಿದರು.

ಮರುದಿನ ಮುಂಜಾನೆ ಸುಜಾತಾ ಚಹಾ ಕೇಳಿದಳು. ದುರುಗಮ್ಮ ಕೊಡಲಿಲ್ಲ.

"ಇವತ್ತ ಏನೂ ತಿನ್ನಬ್ಯಾಡವ್ವ. ನೀರೂ ಕುಡಿಬ್ಯಾಡ. ನಿನ್ನ ಹೆಸರ್ಲೆ ಹರಕಿ ಹೊತ್ತೀನಿ. ನಿಮ್ಮಪ್ಪ ಕರಕೊಂಡು ಹೋಗ್ತಾನ. ಹಂಗಽ ದವಾಖಾನ್ಯಾಗ ಒಂದು ಚೆಕಪ್ ಮಾಡಿಸ್ಕೊಂಡು ಬರ್ರಿ."

"ಯಾವ ದೇವರ ಹರಕಿ ದುರುಗಿ?" ಅಂದೆ.

ದುರುಗಮ್ಮ ಗಂಡನ ಮುಖ ನೋಡಿದಳು. ಪಕೀರಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, "ಎಲ್ಲಾ ನಿನಗ ಯಾಕ ಬೇಕಕ್ಕಾ" ಅಂದ.

ನಾನು ಆ ಮನೆಯ ಮಗಳು. ನಮ್ಮಪ್ಪ ಬುದ್ಧನ ಫೋಟೊ ತಂದು ಗೋಡೆಗೆ ಹಾಕಿದ ದಿನವೇ ದೇವರ ಜಗಲಿ ಕಿತ್ತ. ಹೆಣ್ಣುಮಕ್ಕಳು ಬರಲಿ ಅಂತ ಪಂಚಮಿಯನ್ನು ಉಳಿಸಿದ. ಹರಕೆಯನ್ನು ಉಳಿಸಲಿಲ್ಲ. ಆ ಮನೆಯಲ್ಲಿ ಹರಕೆ ಹೊತ್ತವರಿಲ್ಲ. ಹರಕೆ ಹೊರುವ ಮನೆಗಳಲ್ಲೂ ಉಪವಾಸ ನಾಗಪ್ಪನಿಗೆ ಹಾಲು ಎರೆಯುವವರೆಗೆ. ಹಬ್ಬದ ಮರುದಿನ, ಡಬ್ಬಿ ತುಂಬ ಉಂಡಿ ಇಟ್ಟುಕೊಂಡು, ತವರಿನಲ್ಲಿ ಮಗಳನ್ನು ಹಸಿದು ಕೂರಿಸಿದ್ದನ್ನು ನನ್ನ ಇಷ್ಟು ವಯಸ್ಸಿಗೆ ನಾನು ಕಂಡಿಲ್ಲ. ಸುಳ್ಳು ಹೇಳುವುದಕ್ಕೂ ಅವರಿಗೆ ಬೇರೆ ದಿನ ಸಿಗಲಿಲ್ಲ.

ನೀರೂ ಬೇಡ ಅಂದದ್ದು ನನ್ನ ಎದೆಗೆ ಬಡಿಯಿತು. ನನ್ನ ಗಂಡನ ಹೊಟ್ಟೆ ಕೊಯ್ದು ಆಪರೇಷನ್ ಮಾಡಿದ ದಿನವೂ ಹಾಗೇ ಅಂದಿದ್ದರು. ನೀರೂ ಬೇಡ.

ಸುಜಾತಾಳಿಗೆ ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ನಾನು ಹೇಳಿದರೆ ಮುದುಕಿ ಕಿವಿ ಊದಿದಳು ಅನ್ನುತ್ತಾರೆ. ಅವಳು ಕೂಗಾಡಿದರೆ ಬೇನೆ ಕೆರಳಿದೆ ಅನ್ನುತ್ತಾರೆ. ಒಂದು ಸೂಜಿ ಚುಚ್ಚಿ ಮಲಗಿಸಿದರೆ ಅವರ ಕೆಲಸ ಇನ್ನೂ ಹಗುರ. ಮಾಡುವವರ ಬಾಯಿಂದಲೇ ಮಾತು ಹೊರಗೆ ಬರಬೇಕು, ನಾಲ್ಕು ಮಂದಿ ಕೇಳಬೇಕು. ನಾನು ಒಳಗೆ ಹೋಗಿ ನನ್ನ ಶೇಂಗಾ ಉಂಡಿಗಳನ್ನು ಉಡಿಯಲ್ಲಿ ಕಟ್ಟಿಕೊಂಡೆ. ಎಲ್ಲಾದರೂ ದಾರಿ ಸಿಕ್ಕರೆ ಹಸಿದವಳಿಗೆ ಆಗುತ್ತದೆ ಅನ್ನುವುದಷ್ಟೇ ಆಗ ನನ್ನ ತಲೆಯಲ್ಲಿದ್ದದ್ದು. ಗೌತಮಿಯನ್ನು ದುರುಗಮ್ಮನ ಹತ್ತಿರ ಬಿಟ್ಟು ಟಂಟಂ ಹತ್ತಿದೆ.

"ಯವ್ವಾ, ನೀ ಎಲ್ಲಿಗಿ?" ಅಂದ ಅಮರೇಶ.

"ಹರಕಿಗಿ. ನನಗೂ ಪುಣ್ಯಾ ಬರ್ಲಿ."

ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖಾಸಗಿ ದವಾಖಾನೆ. ಒಳಗೆ ಉದ್ದ ಪಡಸಾಲೆ, ಗೋಡೆಗುಂಟ ಬೆಂಚು, ಬೆಂಚಿನ ತುಂಬ ಹೆಂಗಸರು. ನರ್ಸು ಫರ್ಹೀನ್ ಒಬ್ಬಳನ್ನು ವಾಪಸ್ಸು ಕಳಿಸುತ್ತಿದ್ದಳು. ಹೆಸರು ಎದೆಯ ಮೇಲಿನ ಬಿಲ್ಲೆಯಲ್ಲಿತ್ತು, ನಾನೇ ಓದಿದೆ.

"ಅಲ್ಲಬೇ, ಖಾಲಿ ಹೊಟ್ಟಿಲೆ ಬಾ ಅಂದ್ರ ಚಾ ಬಿಸ್ಕಿಟು ತಿಂದು ಬಂದೀಯಲ್ಲ."

"ಎರಡಽ ಬಿಸ್ಕಿಟ್ರೀ ಅಕ್ಕಾರ."

"ಎರಡಾದ್ರೂ ಅಷ್ಟಽ, ಒಂದು ಡಬ್ಬಿ ಆದ್ರೂ ಅಷ್ಟಽ. ಮಂಪರು ಕೊಟ್ಟಾಗ ವಾಂತಿ ಆಗಿ ಉಸರು ಕಟ್ಟಿದ್ರ ಯಾರು ಹೊಣಿ? ತಿಂದಾಕಿಗಿ ಆಪರೇಷನ್ ಮಾಡಂಗಿಲ್ಲ. ನಡಿ, ಮತ್ತೊಂದಿನ ಬಾ."

ಆ ಹೆಂಗಸು ಬಾಯಿ ಒರೆಸಿಕೊಳ್ಳುತ್ತ ಹೋದಳು. ಸುಜಾತಾ ಅವಳು ಹೋದ ದಾರಿಯನ್ನೇ ನೋಡಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳ ತುಟಿ ಒಣಗಿ ಬಿರುಕು ಬಿಟ್ಟಿದ್ದವು.

ಡಾಕ್ಟರಮ್ಮ ಬಾಗಿಲಿಗೆ ಬ‌ಂದರು. ಬೆಂಚಿನ ಮೇಲೆ ಕೂತ ಸುಜಾತಾಳನ್ನು ದಾಟಿ ನೋಡಿದರು.

"ಜೊತಿಗೆ ಯಾರು ಬಂದಾರ?"

ಇಬ್ಬರೂ ಗಂಡಸರು ಎದ್ದರು. ನಾನೂ ಎದ್ದೆ. ಬಾಗಿಲ ಹತ್ತಿರ ಹೋದೆವು. ಅಮರೇಶ ಗುಳಿಗೆಯ ಹಳೆಯ ಚೀಟಿ ತೋರಿಸಿದ. ಡಾಕ್ಟರಮ್ಮ ದನಿ ತಗ್ಗಿಸಿ ಕೇಳಿದರು. "ಗಲಾಟಿ ಮಾಡ್ತಾಳೇನು?"

"ಇಲ್ರೀ ಮೇಡಮ್. ಚೆಕಪ್ ಅಂತ ಹೇಳೀವಿ" ಅಂದ ಪಕೀರಪ್ಪ. "ಮಲಗಿದ್ ಮ್ಯಾಲ ಹೆಂಗೂ ಗೊತ್ತಾಗಂಗಿಲ್ಲಲ್ರೀ."

"ಗಲಾಟಿ ಮಾಡಿದ್ರ ಮೊದಲ ನಿದ್ದಿ ಸೂಜಿ ಕೊಡೋಣ. ಇವರು?"

"ಅತ್ತಿರಿ."

"ಅತ್ತಿ ಒಪ್ಪ್ಯಾರಿಲ್ಲೋ? ಆಮ್ಯಾಲ ಬಂದು ಮೊಮ್ಮಗ ಬೇಕಿತ್ತು ಅಂತ ಅಳಬಾರದು ನೋಡ್ರಿ. ಅಮ್ಮ, ನಿಮಗ ಒಪ್ಪಿಗಿ ಅದಯೇನು?"

ನಾನು ಎಡಗಿವಿಯನ್ನು ಅವರ ಕಡೆ ಕೊಟ್ಟೆ. ಕಿವಿಯ ಹಿಂದೆ ಕೈ ಹಿಡಿದೆ. "ಆಂ?"

"ಆಕಿಗಿ ಒಂದು ಸಣ್ಣ ಆಪರೇಷನ್."

"ಜೋರಾಗಿ ಹೇಳ್ರಿ ಯವ್ವಾ. ಜಿನ್ನಿನ್ಯಾಗ ಕಿವಿ ಹೋಗ್ಯಾವ."

"ಆಪರೇಷನ್ ಅಮ್ಮ, ಆಪರೇಷನ್."

"ನನಗಾ?"

ಬೆಂಚಿನ ಮೇಲಿನ ಹೆಂಗಸರು ಕಿಸಕ್ಕನೆ ನಕ್ಕರು. ಅಮರೇಶ ನನ್ನ ರಟ್ಟೆ ಹಿಡಿದ. "ಯವ್ವಾ, ಒಂದು ಕಿವಿ ಕೇಳಸ್ತದಲ್ಲ ನಿನಗ" ಅಂದ ಹಲ್ಲು ಕಚ್ಚಿ. ಆ ಕಿವಿಗೂ ಅದು ಕೇಳಿಸಲಿಲ್ಲ.

"ನಿಮಗಲ್ಲ, ಸೊಸಿಗಿ" ಅಂದರು ಡಾಕ್ಟರಮ್ಮ, ಇನ್ನೂ ಜೋರಾಗಿ.

"ಸೊಸಿಗಿ ಏನಾಗ್ಯದ್ರೀ?"

ಡಾಕ್ಟರಮ್ಮನ ತಾಳ್ಮೆ ಮುಗಿಯಿತು. ಪಡಸಾಲೆಯ ಆ ತುದಿಗೂ ಕೇಳುವಂತೆ ಒಂದೊಂದೇ ಮಾತು ಬಿಡಿಸಿ ಕೂಗಿದರು. "ನಿಮ್ಮ ಸೊಸಿಗಿ ತಲಿ ಸರಿ ಇಲ್ಲ. ಇನ್ನ ಮುಂದ ಮಕ್ಕಳಾಗದಂಗ ಇವತ್ತ ಆಪರೇಷನ್ ಮಾಡ್ತೀವಿ."

ನಗು ನಿಂತಿತು. ತಿರುಗುತ್ತಿದ್ದ ಫ್ಯಾನಿನ ಸದ್ದು ನನ್ನ ಬಲಗಿವಿಗೆ ಕೇಳಿಸಿತು. ಅವಳ ಹೊಟ್ಟೆಯ ಮಾತನ್ನು ಅವಳ ಮುಂದೆ ಹೇಳಿಸಲು ಒಬ್ಬ ಮುದುಕಿ ಕಿವುಡಿಯಾಗಬೇಕಾಯಿತು.

ಸುಜಾತಾ ಎದ್ದಳು. ಪಕೀರಪ್ಪ ಅವಳನ್ನು ಹಿಡಿಯಲು ಎರಡು ಹೆಜ್ಜೆ ಮುಂದೆ ಹೋದ. ಡಾಕ್ಟರಮ್ಮ ಫರ್ಹೀನಳಿಗೆ ಕಣ್ಣಿನಲ್ಲೇ ಹೇಳಿದರು. ಫರ್ಹೀನ್ ಸೂಜಿಯ ತಟ್ಟೆ ಕೈಗೆ ತಗೊಂಡಳು. ಸುಜಾತಾ ಅದನ್ನು ನೋಡಿದಳು. ಅವಳ ಕೈ ನಡುಗುತ್ತಿತ್ತು. ಅದು ಗುಳಿಗೆಯ ನಡುಕ, ದಿನಾ ಇರುವುದು. ಆದರೆ ಅಲ್ಲಿ ಯಾರಿಗೆ ಹೇಳುವುದು? ಎರಡೂ ಕೈಯನ್ನು ಹೊಸ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು. ಮೆಲ್ಲಗೆ ನಡೆದು ಬಂದಳು. ದನಿ ಏರಿಸಲಿಲ್ಲ.

"ನನಗೇನ್ರಿ ಆಪರೇಷನ್?"

ಡಾಕ್ಟರಮ್ಮ ಅಮರೇಶನ ಕಡೆ ತಿರುಗಿದರು. "ಸಮಾಧಾನ ಮಾಡ್ರಿ ಆಕಿನ್ನ."

"ಸಮಾಧಾನದಾಗಽ ಅದೀನ್ರಿ. ಕೇಳಾಕತ್ತಾಕಿ ನಾನು. ನನಗ ಹೇಳ್ರಿ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ನಾನು ಕಿವಿಗೆ ಕೈ ಹಚ್ಚಿದೆ.

"ನಿನ್ನ ಒಳ್ಳೇದಕ್ಕಽ ಮಗಳ" ಅಂದ ಪಕೀರಪ್ಪ. ಅವನ ಮಟ್ಟಿಗೆ ಅದು ಸುಳ್ಳಲ್ಲ, ನನ್ನ ತಮ್ಮನನ್ನು ನಾನು ಬಲ್ಲೆ. "ಇನ್ನೊಮ್ಮಿ ಹಂಗಾದ್ರ ನೀ ಉಳಿಯಂಗಿಲ್ಲ. ಇವರು ನಿನ್ನ ಬಿಟ್ಟು ಕಳಸ್ತಾರ. ನಾ ಎಷ್ಟು ದಿನಾ ಇರ್ತೀನಿ?"

"ಅದಕ್ಕ ಪಂಚಮಿಗಿ ಕರದೇನಪ್ಪಾ?"

ಅವನು ಗೋಡೆಯ ಕಡೆ ತಿರುಗಿದ.

"ಗುಳಗಿ ನುಂಗುವಾಗ ಬಸರಾಗಬಾರದು ಅಂತ ಇವಗ ಹೇಳಿದ್ರು. ನನಗ ಹೇಳಲಿಲ್ಲ" ಅಂದಳು ಸುಜಾತಾ, ಡಾಕ್ಟರಮ್ಮನಿಗೆ. "ಈಗ ಬ್ಯಾಡ, ಸೂಜಿ ಹಾಕ್ರಿ ಅಂತ ನಾನಽ ಕೇಳಾಕ ಹೋದೆ. ತಲಿ ನೆಟ್ಟಗಿಲ್ಲದಾಕಿ ಮಾತು ನಡಿಯಂಗಿಲ್ಲ, ಗಂಡನ್ನ ಕರಕೊಂಡ್ ಬಾ ಅಂದ್ರು. ಅವತ್ತ ಬರಲಿಲ್ಲ ಗಂಡ. ಇವತ್ತ ಬಂದಾನ."

"ಸಾಕ್ ಮಾಡಲೇ. ಮಂದ್ಯಾಗ ಮರ್ಯಾದಿ ತಗೀಬ್ಯಾಡ" ಅಂದ ಅಮರೇಶ.

ಬೆಂಚಿನಿಂದ ಒಬ್ಬಳು, "ಮರ್ಯಾದಿ ಟಂಟಮ್ಮಿನ್ಯಾಗ ಬಿಟ್ಟು ಬಂದೀಯೇನಪ್ಪಾ" ಅಂದಳು. ಯಾರೂ ನಗಲಿಲ್ಲ.

ಡಾಕ್ಟರಮ್ಮ ಗಡಿಯಾರ ನೋಡಿದರು. ಕಡೆಗೆ ಕೇಳಿದರು. ತರಕಾರಿಯವಳ ಹತ್ತಿರ ದರ ಕೇಳಿದಂತೆ ಕೇಳಿದರು. "ಈಗೇನು, ನಿನಗ ಇನ್ನೊಂದು ಕೂಸು ಬೇಕೇನು?"

"ಗೊತ್ತಿಲ್ರಿ" ಅಂದಳು ಸುಜಾತಾ. "ಬೇಕೋ ಬ್ಯಾಡೋ ನಾ ಇನ್ನಾ ಯೋಚ್ನಿ ಮಾಡಿಲ್ಲ. ಯಾರೂ ಕೇಳಿಲ್ಲ, ಅದಕ್ಕ ಮಾಡಿಲ್ಲ. ಬ್ಯಾಡ ಅನಿಸಿದ್ರ ನಾನಽ ನಡಕೊಂತ ಬಂದು ಆ ಟೇಬಲ್ ಮ್ಯಾಲ ಮಕ್ಕೊಂತೀನಿ. ಇವತ್ತ ಒಲ್ಲೆ."

ಇಷ್ಟು ಸಾಫಾದ ಮಾತನ್ನು ನಾನು ಆ ದವಾಖಾನೆಯಲ್ಲಿ ಬೇರೆ ಯಾರ ಬಾಯಿಂದಲೂ ಕೇಳಿರಲಿಲ್ಲ. ಡಾಕ್ಟರಮ್ಮ ಅಮರೇಶನ ಕಡೆ ತಿರುಗಿ ಕೈ ಬಿಚ್ಚಿದರು. "ನೋಡ್ರಿ, ಗೊತ್ತಿಲ್ಲ ಅಂತಾಳ. ಇದಽ ಬ್ಯಾನಿ. ನೀವು ಹೂಂ ಅಂದ್ರ ನಾ ಶುರು ಮಾಡ್ತೀನಿ."

ಬೇಕು ಅಂದರೆ ತಲೆ ಸರಿಯಿಲ್ಲ. ಬೇಡ ಅಂದರೆ ತಲೆ ಸರಿಯಿಲ್ಲ. ಗೊತ್ತಿಲ್ಲ ಅಂದರೂ ತಲೆ ಸರಿಯಿಲ್ಲ.

"ಹೂಂ ರೀ" ಅಂದ ನನ್ನ ಮಗ.

"ಫರ್ಹೀನ್" ಅಂದರು ಡಾಕ್ಟರಮ್ಮ.

ನನ್ನ ಕೈ ಉಡಿಗೆ ಹೋಗಿತ್ತು. ಗಂಟು ಬಿಚ್ಚಿದೆ, ಅಷ್ಟೇ. ಕೈಗೆ ಕೊಡಲಿಲ್ಲ, ತಿನ್ನು ಅನ್ನಲಿಲ್ಲ. ಸುಜಾತಾ ನನ್ನ ಉಡಿ ನೋಡಿದಳು. ಬಿಸ್ಕಿಟು ತಿಂದವಳು ಹೋದ ಬಾಗಿಲನ್ನು ನೋಡಿದಳು. ಸೆರಗಿನಿಂದ ಕೈ ಬಿಡಿಸಿಕೊಂಡು, ನಡುಗುವ ಬೆರಳಿಂದ ಒಂದು ಶೇಂಗಾ ಉಂಡಿ ಎತ್ತಿ ಬಾಯಿಗೆ ಹಾಕಿಕೊಂಡಳು.

ಅಮರೇಶನಿಗೆ ತಿಳಿಯುವುದು ತಡವಾಯಿತು. ಫರ್ಹೀನಳಿಗೆ ಮೊದಲು ತಿಳಿಯಿತು. ಅವಳು ನಿಂತಲ್ಲೇ ನಿಂತಳು.

ಮುಂಜಾನೆಯಿಂದ ನೀರಿಲ್ಲದ ಬಾಯಿ. ಉಂಡಿ ಅಂಗುಳಕ್ಕೆ ಹತ್ತಿಕೊಂಡಿತು. ನುಂಗಲು ಬಾರದೆ ಕಣ್ಣಲ್ಲಿ ನೀರು ಬಂತು. ಆದರೂ ಅಗಿದಳು. ಕುತ್ತಿಗೆಯ ನರ ಎದ್ದವು. ನುಂಗಿದಳು. ಇನ್ನೊಂದು ಎತ್ತಿದಳು. ಅಮರೇಶ ಅವಳ ಕೈ ಹಿಡಿಯಲು ಬಂದ. ನಾನು ನಡುವೆ ನಿಂತೆ. ಹತ್ತಿಯ ಅಂಡಿಗೆ ಹೊತ್ತ ಬೆನ್ನು ಇದು, ಬಾಗಿದೆ, ಮುರಿದಿಲ್ಲ. ಅವನ ಎದೆ ನನ್ನ ಬೆನ್ನಿಗೆ ಬಡಿಯಿತು. ನಾನು ಸರಿಯಲಿಲ್ಲ. ಅವಳು ಎರಡನೆಯದನ್ನೂ ತಿಂದಳು. ಬೆಲ್ಲದ ಪುಡಿ ಹೊಸ ಸೀರೆಯ ಮೇಲೆ ಬಿತ್ತು. ಅದನ್ನೂ ಬೆರಳಿಗೆ ಹಚ್ಚಿಕೊಂಡು ತಿಂದಳು.

ಫರ್ಹೀನ್ ತಟ್ಟೆಯನ್ನು ಮೇಜಿನ ಮೇಲೆ ಇಟ್ಟಳು. "ಮೇಡಮ್, ತಿಂದಾಳ್ರಿ. ಇವತ್ತ ಆಗಂಗಿಲ್ಲ."

"ಹುಚ್ಚರ ಸಂತಿ ಇದು" ಅಂದರು ಡಾಕ್ಟರಮ್ಮ. ಅಮರೇಶನಿಗೆ ಬೆರಳು ತೋರಿಸಿದರು. "ನಾಳಿ ಖಾಲಿ ಹೊಟ್ಟಿಲೆ ಕರಕೊಂಡು ಬರ್ರಿ."

ಸುಜಾತಾ ಬಾಯಲ್ಲಿದ್ದದ್ದನ್ನು ನುಂಗಿ ಹೇಳಿದಳು. "ನಾಳಿನೂ ಉಣ್ತೀನ್ರಿ."

ಡಾಕ್ಟರಮ್ಮ ಒಳಗೆ ಹೋದರು. ಫರ್ಹೀನ್ ಮೂಲೆಯ ಕೊಡದಿಂದ ಒಂದು ಗ್ಲಾಸು ನೀರು ತುಂಬಿದಳು. ಅಮರೇಶನಿಗೆ ಕೊಡಲಿಲ್ಲ, ನನಗೆ ಕೊಡಲಿಲ್ಲ. ಸುಜಾತಾಳ ಮುಂದೆ ಹಿಡಿದು, "ನೀರ ಬೇಕೇನಬೇ?" ಅಂತ ಕೇಳಿದಳು.

ಹೊರಗೆ ಬಂದೆವು. ಪಕೀರಪ್ಪ ಮೆಟ್ಟಿಲ ಮೇಲೆ ಕೂತಿದ್ದ. ತಲೆ ಎತ್ತಲಿಲ್ಲ. ಅಮರೇಶ ಟಂಟಂನ ಸೀಟಿಗೆ ಗುದ್ದಿದ. "ಇಬ್ಬರೂ ಮನಿಗಿ ಬರ್ರಿ, ತೋರಸ್ತೀನಿ" ಅಂದ. ಅದು ನನ್ನ ಬಲಗಿವಿಗೆ ಚೆನ್ನಾಗಿ ಕೇಳಿಸಿತು. ಇದು ಮುಗಿದಿಲ್ಲ. ಇನ್ನೊಂದು ದಿನ, ಇನ್ನೊಂದು ದವಾಖಾನೆ, ಇನ್ನೊಂದು ಹರಕೆ ಹುಡುಕುತ್ತಾರೆ. ಅವಳಿಗೆ ಬೇಕಾದ ಸೂಜಿ ಮಾತ್ರ ಇವತ್ತಿಗೂ ಸಿಕ್ಕಿಲ್ಲ.

"ಗೌತಮಿನ್ನ ಸಂಜಿಗಿ ಬಂದು ಕರಕೊಂಡು ಹೋಗೋಣ ಅತ್ತಿ" ಅಂದಳು ಸುಜಾತಾ. "ಮೊದಲ ರಾಯಚೂರಿಗಿ ಹೋಗೋಣ. ಈ ಗುಳಗಿ ಬಗ್ಗಿ, ಸೂಜಿ ಬಗ್ಗಿ, ಇನ್ನ ಏನೇನ್ ಅದನೋ ಎಲ್ಲಾ ಕೇಳ್ತೀನಿ."

ಬಸ್ಸಿನಲ್ಲಿ ಉಳಿದ ಉಂಡಿಯನ್ನು ಇಬ್ಬರೂ ತಿಂದೆವು. ದೊಡ್ಡ ದವಾಖಾನೆಯ ಕಿಟಕಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಸಾಲು ಉದ್ದವಿತ್ತು. ನಿಂತೆವು. ನಮ್ಮ ಸರದಿ ಬಂತು. ಕಿಟಕಿಯ ಒಳಗಿನವನು ತಲೆ ಎತ್ತದೆ ಕೇಳಿದ.

"ಜೊತಿಗೆ ಯಾರು ಬಂದಾರ?"

"ನಮ್ಮತ್ತಿ ಬಂದಾಳ್ರಿ" ಅಂದಳು ಸುಜಾತಾ. "ಆಕಿಗಿ ಕಿವಿ ಕೇಳಸಂಗಿಲ್ಲ. ಏನಿದ್ರೂ ನನಗ ಹೇಳ್ರಿ."

ಅವನು ಈಗ ತಲೆ ಎತ್ತಿದ. ಅವಳನ್ನು ಬಿಟ್ಟು ನನ್ನ ಕಡೆ ನೋಡಿದ. ನಾನು ಗೋಡೆಯ ಕಡೆ ನೋಡಿದೆ.